ಮೂರು ಸಲ ಮೂವತ್ತೆಂಟು

ಮಾರ್ಚ್ ೪, ಮಂಗಳವಾರ. ಸಂಜೆ ೬

ಬೆಳಗಿನ ಪಾಳಿ. ಮಾಮೂಲು. ಲೈನು ಇಪ್ಪತ್ತಮೂರನೇ ದಿನ ಒಂದೇ ಸಮನೆ ಓಡುತ್ತಿದೆ. ಒಂದು ತುದಿಯಲ್ಲಿ ನೀರು, ಸೋಪು, ಮೊನೊಮರ್ ಅನ್ನುವ ರಾಸಾಯನಿಕ ಒಳಗೆ. ಇನ್ನೊಂದು ತುದಿಯಲ್ಲಿ ಬಿಳಿ ಎಮಲ್ಷನ್ ಹೊರಗೆ. ಗೋಡೆಯ ಪೇಂಟಿಗೆ ಅದೇ ಜೀವ. ನಾವು ಹಾಲು ಅನ್ನುತ್ತೇವೆ. ಆರು ನಿಮಿಷಕ್ಕೊಂದು ಡ್ರಂ. ಹಳೇ ಕೆಟಲ್ ಹಂಡೆ ಇದ್ದ ಕಾಲದಲ್ಲಿ ಒಂದು ಬ್ಯಾಚು ಬೇಯಿಸಿ ಇಳಿಸಿದರೆ ಟೀ ಕುಡಿಯುವಷ್ಟಾದರೂ ಪುರುಸೊತ್ತು ಸಿಗುತ್ತಿತ್ತು. ಇದು ಹಾಗಲ್ಲ. ನಿಲ್ಲಿಸಿದರೆ ಹಾಲು ಪೈಪಿನೊಳಗೇ ರಬ್ಬರಾಗಿ ಕೂರುತ್ತದೆ, ಮೂರು ದಿನ ಕೆರೆಯಬೇಕು.

ಪೈಪಿನ ಒಳಗೋಡೆ ಒರೆಸುತ್ತಾ ಸುತ್ತುವ ಪ್ಲಾಸ್ಟಿಕ್ ಗುಂಡು — ನಮ್ಮ ಬಾಯಲ್ಲಿ 'ಅಳಿಯ' — ಇವತ್ತು ಸರಿಯಾಗಿ ಸುತ್ತಿದ. ಹೊರಡಿಸಬೇಕಾದರೆ ಹಿಂದಿನಿಂದ ಒತ್ತಡ ಹಾಕಬೇಕು, ಬರುವುದು ತಡವಾದರೆ ಎಲ್ಲರಿಗೂ ಗಾಬರಿ. ಅದಕ್ಕೇ ಆ ಹೆಸರು. ನಾನೂ ಒಂದು ಮನೆಯ ಅಳಿಯನೇ. ನನಗೋಸ್ಕರ ಯಾರೂ ಹಾಗೆ ಗಾಬರಿಯಾದದ್ದು ನೆನಪಿಲ್ಲ.

ಎಂಟರ ರೀಡಿಂಗ್ ಆದ ಮೇಲೆ, ಎಂಟೂವರೆಗೆ, ಮದ್ದಿನ ಕ್ಯಾನ್ ಬದಲಿಸಿದೆ. ಹಾಲು ಕೆಡದಂತೆ ಹಾಕುವ ಮದ್ದು. ಅದನ್ನು ಹನಿಹನಿಯಾಗಿ ಬಿಡುವ ಪಂಪು ಇಡೀ ಲೈನಿನಲ್ಲೇ ಚಿಕ್ಕದು. 'ಕೂಸು'. ಕೆಳಗಿನ ಗುಂಡಿಯಲ್ಲಿದೆ, ಇಪ್ಪತ್ತೆರಡು ಕಬ್ಬಿಣದ ಮೆಟ್ಟಿಲು. ಎರಡು ಗಂಟೆಗೊಮ್ಮೆ ಇಳಿದು, ಕ್ಯಾನಿನ ವಾಲ್ವ್ ಮುಚ್ಚಿ, ಪಕ್ಕದ ಗಾಜಿನ ನಳಿಗೆಯಲ್ಲಿ ನಿಮಿಷಕ್ಕೆ ಮದ್ದು ಎಷ್ಟು ಗೆರೆ ಇಳಿಯಿತು ಎಂದು ನೋಡಿ ಶೀಟಿನಲ್ಲಿ ಬರೆಯಬೇಕು. ಮೊಣಕಾಲು ಬೆಳಿಗ್ಗೆಯಿಂದ ಹಿಡಿದುಕೊಂಡಿತ್ತು. ಹತ್ತು, ಹನ್ನೆರಡು, ಎರಡು ಗಂಟೆ — ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು. ಮೂರೂವರೆಗೆ ಇನ್ನೊಮ್ಮೆ ಇಳಿದು ಕೂಸಿನ ಮುಖ ನೋಡಿ ಬಂದೆ. ಎಲ್ಲ ಸರಿ.

ಮನೆಗೆ ಬಂದು ಕೈ ತೊಳೆದೆ. ಊಟಕ್ಕೆ ಮೊದಲೇ ಇನ್ನೊಂದು ಸಲ ತೊಳೆದೆ. ಮದ್ದಿನ ಜಿಡ್ಡು ಬೇಗ ಬಿಡುವುದಿಲ್ಲ.

ಮಾರ್ಚ್ ೫, ಬುಧವಾರ

ಕಂಟ್ರೋಲ್ ರೂಮಿನ ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು. ಹೇಳದೆ ಕೇಳದೆ ಫಿಟ್ಟರ್ ಬಂದು ಸರಿ ಮಾಡಿ ಹೋದ. ಅವನಿಗೆ ಅದೊಂದು ಚಟ. ಅಲ್ಲಾಡುವುದು ಕಂಡರೆ ಬಿಗಿ ಮಾಡಬೇಕು, ನಿಂತಿದ್ದು ಕಂಡರೆ ಓಡಿಸಬೇಕು. ಮೆಟ್ಟಿಲಲ್ಲಿ ಅವನು ಬರುವುದು ಕಾಣುವ ಮೊದಲೇ ಕೇಳುತ್ತದೆ — ಬೂಟಿನ ಸದ್ದು, ಜೊತೆಗೆ ಸೊಂಟದ ಸ್ಪ್ಯಾನರ್ ಕಂಬಿಗೆ ತಗಲುವ ಟಣ್.

ಭಾಮೈದ ಊಟದ ಹೊತ್ತಿಗೆ ಸಿಕ್ಕಿದ. ನನ್ನ ಹೆಂಡತಿಯ ತಮ್ಮ. ಇಪ್ಪತ್ತು ವರ್ಷ ಮನೆಗಳಿಗೆ ಬಣ್ಣ ಹೊಡೆದು ಭುಜ ಹೋಯಿತು. ನಾನೇ ಹೇಳಿ ಡ್ರಂ ತೊಳೆಯುವ ಶೆಡ್ಡಿಗೆ ಹಾಕಿಸಿದೆ, ಕಾಂಟ್ರಾಕ್ಟಿನಲ್ಲಿ. ಎಲ್ಲರೂ ಅವನನ್ನು 'ಬ್ರಷ್ಷು' ಅನ್ನುತ್ತಾರೆ. ಒಳ್ಳೆಯ ಕೆಲಸಗಾರ. ತೊಳೆದ ಡ್ರಂನೊಳಗೆ ತಲೆ ಹಾಕಿ ಮೂಸಿ ನೋಡದೆ ಮುಂದೆ ಬಿಡುವುದಿಲ್ಲ.

“ಭಾವ, ಪರ್ಮನೆಂಟ್ ಪಟ್ಟೀಲಿ ನನ್ನ ಹೆಸರಿದೆಯಂತೆ. ಮೇ ತಿಂಗಳಲ್ಲಿ ಸಹಿ ಆಗುತ್ತಂತೆ.”

“ಆದ ಮೇಲೆ ನನಗೆ ಟೀ ಕೊಡಿಸೋದು ಮರೀಬೇಡ.”

“ನಿಮ್ಮಿಂದಲೇ ಅಲ್ವಾ ಭಾವ. ಟೀ ಯಾಕೆ, ನಿಮ್ಮ ಮನೆಗೆ ಬಣ್ಣ ಹೊಡೆದುಕೊಡ್ತೀನಿ, ಎಡಗೈಯಲ್ಲಿ.”

ಪಟ್ಟಿಗೆ ಸೇರಿದರೆ ಭುಜದ ಆಪರೇಷನ್ನಿಗೆ ಫ್ಯಾಕ್ಟರಿಯೇ ದಾರಿ ಮಾಡುತ್ತದೆ. ಅವನಿಗೆ ಬೇಕಾಗಿರುವುದು ಅದೇ. ಬಲಗೈ ತಲೆಯವರೆಗೂ ಏಳುವುದಿಲ್ಲ, ತಲೆ ಬಾಚುವುದು ಹೆಂಡತಿಯೇ.

ಮಾರ್ಚ್ ೨೦, ಗುರುವಾರ

ಹದಿನೈದು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಲ್ಯಾಬಿನ ಕನ್ನಡಕದವನನ್ನು ಸುಮ್ಮನೆ ಕೇಳಿದೆ: ಮದ್ದು ಹಾಕದೆ ಬಿಟ್ಟರೆ ಹಾಲು ಎಷ್ಟು ದಿನ ತಡೆಯುತ್ತೆ?

“ಈ ಬಿಸಿಲಿಗಾ? ಒಂದು ತಿಂಗಳು. ಆಮೇಲೆ ಮುಚ್ಚಳ ಉಬ್ಬುತ್ತೆ, ಮೂಗು ಮುಚ್ಕೊಂಡು ಓಡಬೇಕು. ಯಾಕೆ?”

“ಸುಮ್ಮನೆ.”

ಸುಮ್ಮನೆಯೇ ಕೇಳಿದ್ದು.

ಏಪ್ರಿಲ್ ೮, ಮಂಗಳವಾರ. ರಾತ್ರಿ ಊಟವಾದ ಮೇಲೆ

ನಲವತ್ತೊಂದು ಡ್ರಂ ವಾಪಸು ಬಂದಿವೆ. ಗೇಟಿನ ಪಕ್ಕ ಸಾಲಾಗಿ ನಿಲ್ಲಿಸಿದ್ದಾರೆ. ಮುಚ್ಚಳಗಳು ಹೊಟ್ಟೆ ಉಬ್ಬರಿಸಿದ ಹಾಗೆ. ಒಂದನ್ನು ತೆಗೆದರು, ಸೆಕ್ಯುರಿಟಿಯವನು ಅಲ್ಲೇ ವಾಂತಿ ಮಾಡಿಕೊಂಡ. ಪೇಂಟ್ ಕಂಪನಿಯವರು ಮಿಕ್ಕವೂ ಬರುತ್ತವೆ ಎಂದಿದ್ದಾರೆ.

ಎಲ್ಲವೂ ಮಾರ್ಚ್ ನಾಲ್ಕರ ನಂಬರಿನವು.

ನಮ್ಮಲ್ಲಿ ಬ್ಯಾಚು ಇಲ್ಲ. ಇಡೀ ದಿನದ ಮಾಲಿಗೆ ಒಂದೇ ನಂಬರು, ಬೆಳಿಗ್ಗೆ ಎಂಟಕ್ಕೆ ತೆಗೆದಿಟ್ಟ ಒಂದೇ ಸ್ಯಾಂಪಲ್ ಬಾಟಲಿ. ಆ ಬಾಟಲಿ ತೆಗೆದು ನೋಡಿದರು. ಚೆನ್ನಾಗಿದೆ. ಕನ್ನಡಕದವನು ಎಲ್ಲರೆದುರು ಹೇಳಿದ: “ಲೈನಿಂದ ಒಳ್ಳೇ ಮಾಲೇ ಹೊರಟಿದೆ. ಕೆಟ್ಟಿರೋದು ಡ್ರಂನಲ್ಲಿ. ತೊಳೆದೋರು ಯಾರು?”

ಎಲ್ಲರೂ ಶೆಡ್ಡಿನ ಕಡೆ ನೋಡಿದರು. ನಾನೂ ನೋಡಿದೆ. ಥೂ ನನ್ನ ಜನ್ಮಕ್ಕೆ.

ಇಲ್ಲಾದರೂ ಬರೆಯುತ್ತೇನೆ. ಆ ದಿನ ಕ್ಯಾನ್ ಬದಲಿಸಿ, ಮೊಣಕಾಲು ನೋವು ಅಂತ ಅವಸರದಲ್ಲಿ ಮೇಲೆ ಬಂದೆ. ಪಂಪಿನೊಳಗೆ ಗಾಳಿ ಸೇರಿತ್ತು. ಗಾಳಿ ಸೇರಿದರೆ ಕೂಸು ನಿಲ್ಲುವುದಿಲ್ಲ. ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ಮೇಲೆ ಹಸಿರು ದೀಪವೂ ಉರಿಯುತ್ತದೆ, ಮದ್ದು ಮಾತ್ರ ಬರುವುದಿಲ್ಲ. ಗಾಜಿನ ನಳಿಗೆ ನೋಡಿದರೆ ಮಾತ್ರ ಗೊತ್ತಾಗುವುದು. ಹತ್ತಕ್ಕೆ ಇಳಿಯಲಿಲ್ಲ. ಹನ್ನೆರಡಕ್ಕೂ ಇಲ್ಲ. ಎರಡಕ್ಕೂ ಇಲ್ಲ. ಕೂತಲ್ಲೇ ಬರೆದೆ. ಇದಕ್ಕೆ ನಾವು 'ಕುರ್ಚಿ ರೀಡಿಂಗ್' ಅನ್ನುತ್ತೇವೆ. ಎಲ್ಲ ಪಾಳಿಯವರೂ ಬರೆಯುತ್ತಾರೆ, ಎಲ್ಲರೂ ಮೂವತ್ತೆಂಟೇ ಬರೆಯುತ್ತಾರೆ. ಮೂರೂವರೆಗೆ ಯಾಕೋ ಮನಸ್ಸು ತಡೆಯದೆ ಇಳಿದೆ. ನಳಿಗೆಯಲ್ಲಿ ಮದ್ದು ಒಂದು ಗೆರೆಯೂ ಇಳಿಯಲಿಲ್ಲ. ಗಾಳಿ ಬಿಡುವ ನಟ್ಟು ಸಡಿಲಿಸಿದೆ, ಬುಸ್ ಅಂದಿತು, ಎರಡು ಸಲ ಉಗುಳಿತು, ಹಿಡಿದುಕೊಂಡಿತು. ಯಾರೂ ನೋಡಲಿಲ್ಲ. ಮೇಲೆ ಬಂದೆ. ಏಳು ಗಂಟೆ. ಎಪ್ಪತ್ತು ಡ್ರಂ.

ಅಂದೇ ಹೇಳಬಹುದಿತ್ತು, ಡ್ರಂಗಳು ಇನ್ನೂ ಗೋಡೌನಿನಲ್ಲೇ ಇದ್ದವು. ಮದ್ದು ಬೆರೆಸಿ ಕಲಕಿದ್ದರೆ ಮುಗಿಯುತ್ತಿತ್ತು.

ಏಪ್ರಿಲ್ ೯, ಬುಧವಾರ

ಭಾಮೈದನನ್ನು ಕರೆದು ಕೇಳಿದ್ದಾರೆ. ಹೊರಗೆ ಬಂದವನ ಮುಖ ಗೋಡೆಯ ಪುಟ್ಟಿ ಬಣ್ಣಕ್ಕೆ ತಿರುಗಿತ್ತು.

“ಎಲ್ಲಾನೂ ಸ್ಟೀಮ್ ಕೊಟ್ಟೇ ಬಿಟ್ಟಿದ್ದೀನಿ ಭಾವ. ನಾನು ಬಣ್ಣದೋನು. ಕೆಟ್ಟ ಬಣ್ಣದ ವಾಸನೆ ನನಗೆ ಗೊತ್ತಾಗಲ್ವಾ?”

“ಗೊತ್ತಾಗುತ್ತೆ. ನಿನ್ನ ತಪ್ಪಿಲ್ಲ.”

“ನಿಮಗೆ ಗೊತ್ತು. ಅವರಿಗೆ ಯಾರು ಹೇಳ್ತಾರೆ?”

ನಾಲಗೆ ತುದಿಗೆ ಬಂತು. ಟೀ ಕುಡಿದೆ.

ಏಪ್ರಿಲ್ ೧೧, ಶುಕ್ರವಾರ

ಹೇಳಿದೆ. ಹೇಳಿಯೇಬಿಟ್ಟೆ.

ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ನೇರ ಪ್ಲಾಂಟ್ ಮ್ಯಾನೇಜರ್ ಮೇಡಂ ಕೋಣೆಗೆ ಹೋಗಿ, ಕೂರದೆ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಕೆಲಸ ಹೋದರೆ ಹೋಗಲಿ, ಹತ್ತೊಂಬತ್ತು ವರ್ಷ ತಿಂದಾಯಿತು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ.

ಮೇಡಂ ಪೂರ್ತಿ ಕೇಳಿದರು. ಆಮೇಲೆ ಕಪಾಟಿನಿಂದ ಫೈಲು ತೆಗೆದು ಮಾರ್ಚ್ ನಾಲ್ಕರ ಶೀಟು ನನ್ನೆದುರು ಇಟ್ಟರು.

“ಇದು ನಿಮ್ಮ ಅಕ್ಷರ ತಾನೇ?”

“ಹೌದು.”

“ಈ ಫ್ಯಾಕ್ಟರೀಲಿ ಒಂದು ಚಿತ್ತು ಕಾಟೂ ಇಲ್ಲದ ಶೀಟು ನಿಮ್ಮದು ಮಾತ್ರ. ಹೊಸಬರಿಗೆ ಕಲಿಸೋವಾಗ ನಿಮ್ಮ ಶೀಟನ್ನೇ ಜೆರಾಕ್ಸ್ ಮಾಡಿ ಕೊಡ್ತೀನಿ. ಗೊತ್ತಾ ನಿಮಗೆ?”

“ಅದು ಕೂತು ಬರೆದದ್ದು ಮೇಡಂ.”

ಮೇಡಂ ಫೈಲು ಮುಚ್ಚಿದರು. ದನಿ ಮೆತ್ತಗಾಯಿತು. “ಅವರು ನಿಮ್ಮ ಮಿಸೆಸ್ ತಮ್ಮ. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ಇದು ಬೇಡ. ನೀವು ಹೇಳೋದನ್ನ ನಾನು ಬರ್ಕೊಂಡರೆ ಆ ಮೂರು ಅಂಕಿ ಮಾತ್ರ ಸುಳ್ಳಾಗಲ್ಲ, ಈ ಲೈನು ಬಂದಾಗಿಂದ ಆರು ವರ್ಷದ ಶೀಟೆಲ್ಲ ಸುಳ್ಳಾಗುತ್ತೆ. ಮುಂದಿನ ತಿಂಗಳು ಆಡಿಟ್ ಇದೆ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ.”

ಬಾಗಿಲವರೆಗೂ ಬಂದು ಬಿಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಏಪ್ರಿಲ್ ೧೨, ಶನಿವಾರ

ಮನೆಯಲ್ಲಿ ಹೇಳಿದೆ. ಭಾಮೈದನನ್ನೂ ಕರೆಸಿದ್ದೆ. ಇವಳು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು, ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನೋಡೋ,” ಎಂದಳು ತಮ್ಮನಿಗೆ, ಕಣ್ಣು ಒರೆಸಿಕೊಂಡು. “ನಿನಗೋಸ್ಕರ ಇವರು ತಮ್ಮ ಮೇಲೆ ಹಾಕ್ಕೊಂಡು ಬಂದಿದ್ದಾರೆ.”

“ನಾನು ಮಾಡಿದ್ದೇ ನಾನು ಹೇಳಿದ್ದು ಕಣೇ.”

“ಆಯ್ತು ಬಿಡಿ.”

ಭಾಮೈದ ಎದ್ದು ಎಡಗೈಯಿಂದ ನನ್ನ ಕೈ ಹಿಡಿದುಕೊಂಡ. “ಭಾವ, ಸಾಕು. ನನಗೋಸ್ಕರ ತಲೆ ಕೊಡಬೇಡಿ. ಅಕ್ಕನ ಗತಿ ಏನು? ನಾನು ಹ್ಯಾಗೋ ನಿಭಾಯಿಸ್ತೀನಿ.”

ಮೂರು ಸಲ ಹೇಳಿದೆ. ಗಾಳಿ, ನಳಿಗೆ, ನಟ್ಟು, ಎಲ್ಲ ಬಿಡಿಸಿ ಹೇಳಿದೆ. ಬಿಡಿಸಿ ಹೇಳಿದಷ್ಟೂ ನಾನು ದೊಡ್ಡ ಮನುಷ್ಯನಾಗುತ್ತಾ ಹೋದೆ. ರಾತ್ರಿ ಇವಳು ಮೊಣಕಾಲಿಗೆ ಎಣ್ಣೆ ತಿಕ್ಕಿದಳು, ಕೇಳದೆಯೇ. ಮದುವೆಯಾಗಿ ಇಪ್ಪತ್ತೊಂದು ವರ್ಷ, ಇಷ್ಟು ಮೆತ್ತಗೆ ಯಾವತ್ತೂ ತಿಕ್ಕಿರಲಿಲ್ಲ. ಕಾಲು ಎಳೆದುಕೊಂಡೆ. ನೋವಾಯ್ತಾ ಎಂದಳು.

ಏಪ್ರಿಲ್ ೧೫, ಮಂಗಳವಾರ

ದಾರಿ ಹೊಳೆಯಿತು ಅಂದುಕೊಂಡೆ. ಏಳು ಗಂಟೆ ಮದ್ದು ಹೋಗಿಲ್ಲ ಅಂದಮೇಲೆ ಅಷ್ಟು ಮದ್ದು ಸ್ಟೋರಿನಲ್ಲಿ ಉಳಿದಿರಬೇಕಲ್ಲ. ಸ್ಟೋರಿನ ರಿಜಿಸ್ಟರು ತೆಗೆಸಿದೆ. ಸರಿಯಾಗಿ ತಾಳೆಯಾಗಿದೆ. ಒಂದು ಚಮಚೆಯೂ ಹೆಚ್ಚಿಲ್ಲ.

“ತೂಕ ಮಾಡಿ ಬರೀತೀರಾ?” ಕೇಳಿದೆ.

ಸ್ಟೋರಿನವನು ನನ್ನನ್ನು ಪಾಪದವನ ಹಾಗೆ ನೋಡಿದ. “ಎಲ್ಲಿ ತೂಕ ಸಾರ್. ಇಷ್ಟು ಡ್ರಂ ಹೋದರೆ ಇಷ್ಟು ಮದ್ದು ಅಂತ ಗುಣಿಸಿ ಬರೆಯೋದು. ನಿಮ್ಮ ಶೀಟಿಂದಲೇ.”

ಅಂದರೆ ನನ್ನ ಸುಳ್ಳಿಗೆ ಅವನ ಪುಸ್ತಕ ಸಾಕ್ಷಿ, ಅವನ ಪುಸ್ತಕಕ್ಕೆ ನನ್ನ ಶೀಟು ಸಾಕ್ಷಿ.

ಲ್ಯಾಬಿಗೆ ಹೋದೆ. ಕೆಟ್ಟ ಡ್ರಂಗಳಲ್ಲಿ ಮದ್ದು ಇದೆಯಾ ಪರೀಕ್ಷೆ ಮಾಡು ಮಾರಾಯ ಎಂದು ಕೈ ಮುಗಿಯುವುದೊಂದು ಬಾಕಿ. “ಇರಲ್ಲ ಅಣ್ಣ,” ಎಂದ ಕನ್ನಡಕ. “ಕೊಳಕು ಡ್ರಂಗೆ ಹಾಕಿದರೂ ಮದ್ದು ಖರ್ಚಾಗಿ ಹೋಗುತ್ತೆ. ಸಿಗದಿದ್ದರೆ ಏನೂ ಸಾಬೀತಾಗಲ್ಲ. ತಲೆ ಕೆಡಿಸ್ಕೋಬೇಡಿ, ಬ್ರಷ್ಷು ಹ್ಯಾಗೋ ಬದುಕ್ತಾನೆ.”

ಏಪ್ರಿಲ್ ೧೬, ಬುಧವಾರ. ಸಂಜೆ

ಈ ಪುಸ್ತಕ! ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲ? ಆ ವಾರ ಬರೆಯುತ್ತಿದ್ದೆ, ಆ ದಿನವೂ ಬರೆದಿರಲೇಬೇಕು. ಇದನ್ನು ಯಾರೂ ಓದುವುದಿಲ್ಲ, ಇದರಲ್ಲಿ ಸುಳ್ಳು ಬರೆಯುವ ದರ್ದು ಯಾರಿಗಿದೆ? ಮೇಡಂ ಮುಂದೆ ಆ ಪುಟ ತೆಗೆದು ಇಟ್ಟರೆ ಮುಗಿಯಿತು. ಟೀ ಪಕ್ಕಕ್ಕಿಟ್ಟು ಹಿಂದಕ್ಕೆ ತಿರುವಿದೆ.

ಮಾರ್ಚ್ ೪. 'ಮೂವತ್ತೆಂಟು, ಮೂವತ್ತೆಂಟು, ಮೂವತ್ತೆಂಟು. ಮೂರೂವರೆಗೆ ಇನ್ನೊಮ್ಮೆ ಇಳಿದು ಕೂಸಿನ ಮುಖ ನೋಡಿ ಬಂದೆ. ಎಲ್ಲ ಸರಿ.'

ಇನ್ನೊಮ್ಮೆಯಂತೆ. ಎಂಥ ಮಾತು. ಹತ್ತು, ಹನ್ನೆರಡು, ಎರಡಕ್ಕೂ ಇಳಿದವನ ಹಾಗೆ.

ಯಾರಿಗೆ ಬರೆದೆ ಅದನ್ನು? ನೋಡುವವರಿಲ್ಲ, ಕೇಳುವವರಿಲ್ಲ, ಬಾಗಿಲು ಹಾಕಿದ ನನ್ನ ಕೋಣೆಯಲ್ಲಿ ಕೂತು ನನಗೇ ಕುರ್ಚಿ ರೀಡಿಂಗ್ ಕೊಟ್ಟಿದ್ದೇನೆ. ಟೀ ತಣ್ಣಗಾಯಿತು.

ರಾತ್ರಿ ೮

ಆ ಪುಟದ ಕೆಳಗೆ ಎರಡು ಗೆರೆ ಜಾಗ ಇದೆ. ಅದೇ ಪೆನ್ನು ಇದೆ. 'ಕೂಸಿಗೆ ಗಾಳಿ ಹಿಡಿದಿತ್ತು, ನಾನು ಕೂತು ಬರೆದೆ' ಎಂದು ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಜವನ್ನೇ ಬರೆದ ಹಾಗಾಗುತ್ತದೆ. ಆದರೂ ಮೋಸವೇ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಇವಳು ಬಂದು ದೀಪ ಆರಿಸಲಾ ಎಂದಳು.

ಬರೆಯಲಿಲ್ಲ.

ಏಪ್ರಿಲ್ ೨೪, ಗುರುವಾರ

ಭಾಮೈದ ತಪ್ಪೊಪ್ಪಿಗೆಗೆ ಸಹಿ ಹಾಕಿದ್ದಾನೆ.

ಶೆಡ್ಡಿಗೆ ಓಡಿದೆ — ಓಡುವುದೇನು, ಕುಂಟಿದೆ. ಅವನು ಸ್ಟೀಮಿನ ಪೈಪು ಸುತ್ತಿಡುತ್ತಿದ್ದ, ಎಡಗೈಯಲ್ಲಿ.

“ಯಾಕೋ ಸಹಿ ಹಾಕಿದೆ? ತಲೆ ಕೆಟ್ಟಿದೆಯೇನೋ ನಿನಗೆ?”

“ಯೋಚನೆ ಮಾಡಿದೆ ಭಾವ. ಆವತ್ತು ಭುಜ ಜಾಸ್ತಿ ನೋಯ್ತಿತ್ತು. ಎಲ್ಲಾದಕ್ಕೂ ಎರಡು ನಿಮಿಷ ಸ್ಟೀಮ್ ಕೊಟ್ಟಿದ್ದೆ ಅಂತ ಎದೆ ಮುಟ್ಕೊಂಡು ಹೇಳಕ್ಕಾಗಲ್ಲ. ಕೆಲವಕ್ಕೆ ಒಂದೇ ನಿಮಿಷ ಕೊಟ್ಟಿರಬಹುದು.”

“ಎಪ್ಪತ್ತಕ್ಕೂನಾ?”

“ಮತ್ತೆ ಇನ್ಹ್ಯಾಗೆ ಕೆಡುತ್ತೆ? ನಿಮ್ಮ ಕಡೆಯಿಂದ ಸರಿಯಾಗೇ ಬಂದಿದೆ. ಶೀಟು ನನಗೂ ತೋರಿಸಿದರು. ಮೂವತ್ತೆಂಟು, ಮೂವತ್ತೆಂಟು, ಮುತ್ತು ಪೋಣಿಸಿದ ಹಾಗಿದೆ ನಿಮ್ಮ ಅಕ್ಷರ.” ಪೈಪು ಗೂಟಕ್ಕೆ ಹಾಕಿದ. “ನಂದೇ ಇರಬೇಕು ಭಾವ. ನೀವು ನನಗೋಸ್ಕರ ಇಲ್ಲದ್ದು ಹೇಳೋದು ನೋಡಕ್ಕಾಗಲಿಲ್ಲ. ಅದಕ್ಕೇ ಹಾಕಿದೆ.”

ಅಲ್ಲೇ ತೊಳೆದ ಡ್ರಂ ಮೇಲೆ ಕೂತೆ. ಅವನೇ ನನಗೆ ನೀರು ತಂದುಕೊಟ್ಟ. ಕುಡಿದೆ. ಇನ್ನೇನು ಮಾಡಲಿ?

ಏಪ್ರಿಲ್ ೨೮, ಸೋಮವಾರ

ಎರಡು ವಾರದಿಂದ ಪ್ರತಿ ರೀಡಿಂಗಿಗೂ ಕೆಳಗೆ ಇಳಿಯುತ್ತಿದ್ದೇನೆ. ಪಾಳಿಗೆ ನಾಲ್ಕು ಸಲ. ಮೊಣಕಾಲು ಕುಂಬಳಕಾಯಿಯಾಗಿದೆ. ಫಿಟ್ಟರ್ ನೋಡಿ ನೋಡಿ, “ಅಣ್ಣ, ನೀವು ಕೂತಿರಿ, ಮೆಟ್ಟಿಲ ಕೆಲಸ ಏನಿದ್ರೂ ನನಗೆ ಹೇಳಿ” ಎಂದ. ಬೇಡ ಎಂದೆ.

ಒಂದು ಸಲವೂ ಮೂವತ್ತೆಂಟು ಬಂದಿಲ್ಲ. ಮೂವತ್ತಾರು, ನಲವತ್ತೊಂದು, ಮೂವತ್ತನಾಲ್ಕು, ಮೂವತ್ತೊಂಬತ್ತು. ಕೂಸು ಜೀವವಿದ್ದ ಹಾಗೆ ಹೆಚ್ಚು ಕಡಿಮೆ ಮಾಡುತ್ತದೆ. ಬಂದದ್ದನ್ನು ಬಂದ ಹಾಗೆ ಬರೆದೆ.

ಇವತ್ತು ಮೇಡಂ ಕರೆದರು. ಶೀಟುಗಳನ್ನು ಹರಡಿಕೊಂಡಿದ್ದರು.

“ಏನಾಗಿದೆ ನಿಮಗೆ? ಅಂಕಿಗಳು ಹೀಗೆ ಕುಣೀತಿವೆ. ಬೇರೆ ಪಾಳಿಯವರದ್ದೆಲ್ಲ ಮೂವತ್ತೆಂಟೇ ಇದೆ.”

“ಇಳಿದು ನೋಡಿ ಬರೀತಿದ್ದೀನಿ ಮೇಡಂ.”

“ಮನಸ್ಸು ಸರಿ ಇಲ್ಲದಾಗ ಹೀಗಾಗುತ್ತೆ. ಆರನೇ ತಾರೀಕು ಆಡಿಟ್‌ನವರು ಬರ್ತಾರೆ. ದಯವಿಟ್ಟು ಮೊದಲಿನ ಹಾಗೆ ಸರಿಯಾಗಿ ಬರೀರಿ.”

ಹೂಂ ಎಂದೆ. ನಗಬೇಕೋ ಅಳಬೇಕೋ ತಿಳಿಯದೆ ಪ್ಯಾಸೇಜಿನಲ್ಲಿ ನೋಟಿಸ್ ಬೋರ್ಡು ಓದುತ್ತಾ ನಿಂತೆ. ಪರ್ಮನೆಂಟ್ ಪಟ್ಟಿಗೆ ಆರನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಸಹಿ. ಅದೇ ದಿನ ಭಾಮೈದನ ತೀರ್ಮಾನವೂ.

ಮೇ ೫, ಸೋಮವಾರ

ಇವಳು ತಮ್ಮನ ಮನೆಗೆ ಹೋಗಿ ಬಂದಳು. ಅವನು ಹಳೇ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಕೂತಿದ್ದನಂತೆ. ಮತ್ತೆ ಬಣ್ಣದ ಕೆಲಸಕ್ಕೆ ಹೋಗುತ್ತಾನಂತೆ. ಯಾವ ಕೈಯಲ್ಲಿ?

“ನಾಳೆ ಇನ್ನೊಂದು ಸಲ ಮೇಡಂ ಹತ್ರ ಮಾತಾಡಿ,” ಎಂದಳು. “ನಿಮ್ಮ ಮಾತಿಗೆ ಬೆಲೆ ಇದೆ ಅಲ್ಲಿ.”

ಅದೇ ಆಗಿರುವುದು ಕಷ್ಟ.

ಮೇ ೬, ಮಂಗಳವಾರ. ಕಂಟ್ರೋಲ್ ರೂಮು. ಬೆಳಿಗ್ಗೆ ೧೦.೧೪

ಪುಸ್ತಕ ಮೊದಲ ಸಲ ಇಲ್ಲಿಗೆ ತಂದಿದ್ದೇನೆ. ಊಟದ ಚೀಲದಲ್ಲಿ. ಯಾಕೆ ತಂದೆ ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಹೊತ್ತು ಹಾಕಿ ಬರೆಯುತ್ತೇನೆ. ಈ ಸಲ ಇಲ್ಲಾದರೂ ನಿಜ ಇರಲಿ.

ಹತ್ತಕ್ಕೆ ಇಳಿದೆ. ಮದ್ದು ಬರುತ್ತಿಲ್ಲ. ಟಿಕ್ ಟಿಕ್ ಇದೆ, ಮೇಲೆ ಹಸಿರು ದೀಪ ಇದೆ, ನಳಿಗೆಯಲ್ಲಿ ಮದ್ದು ಕದಲುತ್ತಿಲ್ಲ. ಒಂದು ನಿಮಿಷ ನೋಡಿದೆ. ಗಡಿಯಾರ ಹಿಡಿದು ಇನ್ನೂ ಎರಡು ನಿಮಿಷ ನೋಡಿದೆ. ಒಂದು ಗೆರೆಯೂ ಇಲ್ಲ. ಒಂಬತ್ತಕ್ಕೆ ಕ್ಯಾನ್ ಖಾಲಿಯಾಗಿತ್ತು, ನಾನು ಏಳುವ ಮೊದಲೇ ಫಿಟ್ಟರ್ ಓಡಿಹೋಗಿ ಬದಲಿಸಿ ಬಂದಿದ್ದ, ನನ್ನ ಕಾಲಿನ ಮೇಲಿನ ಮರುಕಕ್ಕೆ. ಅದೇ ತಪ್ಪು. ಗಾಳಿ ಬಿಟ್ಟಿಲ್ಲ. ಮಾರ್ಚ್ ನಾಲ್ಕು ಪೂರ್ತಿ ಕಣ್ಣೆದುರು ಕೂತಿದೆ.

ಮುಟ್ಟಲಿಲ್ಲ. ನಟ್ಟು ಕೈಗೆಟುಕುವಷ್ಟು ಹತ್ತಿರ ಇತ್ತು. ಕೈಯನ್ನು ಜೇಬಿಗೆ ಹಾಕಿಕೊಂಡು ಮೇಲೆ ಬಂದೆ.

೧೦.೧೮

ಶೀಟಿನಲ್ಲಿ ಹತ್ತರ ಮನೆಯಲ್ಲಿ ಬರೆದೆ: ೦. ನನ್ನ ಜೀವಮಾನದಲ್ಲಿ ಬರೆದ ಅತಿ ಸೊಟ್ಟ ಅಂಕಿ.

ಡ್ರಂ ತುಂಬುವವನಿಗೆ ಫೋನಿನಲ್ಲಿ ಹೇಳಿದೆ, ಒಂಬತ್ತರಿಂದ ಈಚಿನ ಎಲ್ಲ ಡ್ರಂಗೂ ಸೀಮೆಸುಣ್ಣದಲ್ಲಿ ಅಡ್ಡಗೆರೆ ಹಾಕಿ ಪಕ್ಕಕ್ಕಿಡು ಅಂತ. ಒಂದೂ ಗೇಟು ದಾಟಬಾರದು. “ಯಾಕಣ್ಣ?” ಎಂದ. ಕೂಸಿಗೆ ಗಾಳಿ ಹಿಡಿದಿದೆ ಎಂದೆ.

ಮೇಡಂಗೆ ಫೋನು ಮಾಡಿದೆ. “ಬಂದು ಕಣ್ಣಾರೆ ನೋಡಿ ಮೇಡಂ. ಮೇಲೆ ದೀಪ ಹಸಿರು, ಕೆಳಗೆ ಮದ್ದು ಇಲ್ಲ. ಮಾರ್ಚ್ ನಾಲ್ಕರಂದು ಇದೇ ಆಗಿದ್ದು.”

ಹಿಂದೆ ಆಡಿಟ್‌ನವರ ದನಿ ಕೇಳುತ್ತಿತ್ತು. ಆಮೇಲೆ: “ನೀವು ಸರಿ ಮಾಡಿಲ್ಲ ತಾನೇ?”

“ಮುಟ್ಟಿಲ್ಲ.”

“ಹಾಗೇ ಇರಲಿ. ಹತ್ತು ನಿಮಿಷ. ನಾನೇ ಬಂದು ನೋಡ್ತೀನಿ.”

ನೋಡುತ್ತೇನೆ ಅಂದರು. ಅಂದರು. ಒಂದು ಸಲ ಆ ನಳಿಗೆ ನೋಡಿದರೆ ಸಾಕು. ನಾನು ಒಂದು ಮಾತೂ ಆಡಬೇಕಾಗಿಲ್ಲ. ನನ್ನನ್ನು ಇವತ್ತೇ ಮನೆಗೆ ಕಳಿಸಲಿ, ಪರವಾಗಿಲ್ಲ. ಹನ್ನೆರಡಕ್ಕೆ ಪಟ್ಟಿಯಲ್ಲಿ ಅವನ ಹೆಸರು ಇರಲಿ.

೧೦.೨೫

ಹದಿನಾಲ್ಕನೇ ಡ್ರಂ. ಒಂದೊಂದಕ್ಕೂ ಗಡಿಯಾರ ನೋಡುತ್ತೇನೆ. ಬರುತ್ತಾರ—

ಕಿಟಕಿಯಲ್ಲಿ ಮೇಡಂ ಕಾಣುತ್ತಿದ್ದಾರೆ. ಅಂಗಳ ದಾಟುತ್ತಿದ್ದಾರೆ, ಒಬ್ಬರೇ. ತಲೆಗೆ ಹೆಲ್ಮೆಟ್ ಹಾಕಿಕೊಳ್ಳುತ್ತಾ. ಇನ್ನು ಎರಡು ನಿಮಿಷ.

ಮೆಟ್ಟಿಲಲ್ಲಿ ಸದ್ದು. ಇಷ್ಟು ಬೇಗ ಹೇಗೆ... ಅವರು ಇನ್ನೂ ಅಂಗಳದಲ್ಲೇ ಇದ್ದಾರೆ. ಬೂಟು. ಓಡಿಕೊಂಡು ಇಳಿಯುತ್ತಿರುವ ಬೂಟು. ಕಂಬಿಗೆ ಟಣ್. ಟಣ್. ಡ್ರಂ ತುಂಬುವವನು ಫಿಟ್ಟರಿಗೆ ಹೇಳಿಬಿಟ್ಟಿದ್ದಾನೆ. “ಅಣ್ಣ, ನೀವು ಏಳಬೇಡಿ, ನನ್ನದೇ ತಪ್ಪು, ಈಗಲೇ ಗಾಳಿ ಬಿಡ್ತೀನಿ” ಅಂತ ಕೆಳಗಿನಿಂದಲೇ ಕೂಗು

ಬೇಡ ಕಣೋ, ನಟ್ಟು ಮುಟ್ಟ